ಚೀಟಿಯ ಕೊನೇ ಸಾಲು

ಮಾರೋ ಸಾಮಾನುಗಳಲ್ಲಿ ಟಿಕೆಟ್ಟಿನಷ್ಟು ಬೇಗ ಬಾಡೋದು ಇನ್ನೊಂದಿಲ್ಲ. ಕೊತ್ತಂಬರಿ ಸೊಪ್ಪಿಗಾದರೂ ನೀರು ಚಿಮುಕಿಸಿ ಒಂದು ರಾತ್ರಿ ಇಟ್ಟುಕೊಳ್ಳಬಹುದು. ಸಂಜೆ ಏಳಕ್ಕೆ ಶುರುವಾಗೋ ಮ್ಯಾಚಿನ ಟಿಕೆಟ್ಟಿಗೆ ಆರೂ ಮುಕ್ಕಾಲರಲ್ಲಿ ಬೆಲೆ ಇರುತ್ತೆ, ಹತ್ತು ಗಂಟೆಗೆ ಅದು ಬರೀ ಕಾಗದ. ನಮ್ಮ ಕಡೆಯ ಸರಕು ಇದಕ್ಕೆ ಪೂರ್ತಿ ಉಲ್ಟಾ. ನಾನು ತಿಪಟೂರು ಸೀಮೆಯವನು. ಕಾಯಿ ಅಟ್ಟಕ್ಕೆ ಹಾಕಿದರೆ ಒಳಗೊಳಗೇ ಒಣಗಿ ಉಂಡೆ ಕೊಬ್ಬರಿ ಆಗೋಕೆ ಹೆಚ್ಚೂಕಮ್ಮಿ ಒಂದು ವರ್ಷ ಬೇಕು. ರೇಟು ಬರಲಿಲ್ಲವಾ, ಇನ್ನೊಂದೆರಡು ತಿಂಗಳು ಕಾಯಬಹುದು. ಕಾಯೋಕೇ ಆಗದ ಸರಕು, ಅದೂ ತನ್ನದಲ್ಲದ ಸರಕು, ಅದನ್ನು ನಂಬಿಕೊಂಡು ಅಮೆರಿಕದ ಒಂದು ಕಂಪನಿ ಇಪ್ಪತ್ತೈದು ವರ್ಷದಲ್ಲಿ ಶೇರು ಪೇಟೆವರೆಗೆ ಹೋಗಿದೆ. ಅದರ ಹೆಸರು ಸ್ಟಬ್‌ಹಬ್.

ಟಾಕೀಸಿನ ಗೇಟಿನವನು ಟಿಕೆಟ್ ಹರಿದು ನಮ್ಮ ಕೈಗೆ ವಾಪಸ್ ಕೊಡೋ ಅರ್ಧ ಚೂರು ಇದೆಯಲ್ಲ, ಅದೇ ಸ್ಟಬ್. 2000ದಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಎಂಬಿಎ ಓದುತ್ತಿದ್ದ ಎರಿಕ್ ಬೇಕರ್ ಮತ್ತು ಜೆಫ್ ಫ್ಲೂರ್ ಅನ್ನೋ ಇಬ್ಬರು ಸೇರಿ ಶುರು ಮಾಡಿದ್ದು. ಬೇಕರ್ ಹೇಳಿಕೊಳ್ಳೋ ಕಥೆ ಸಣ್ಣದು. ನ್ಯೂಯಾರ್ಕಿನಲ್ಲಿ ‘ದಿ ಲಯನ್ ಕಿಂಗ್’ ನಾಟಕಕ್ಕೆ ಗೆಳತಿಯನ್ನು ಕರೆದುಕೊಂಡು ಹೋಗಬೇಕಿತ್ತು, ಟಿಕೆಟ್ ಸಿಗಲಿಲ್ಲ, ಸಿಕ್ಕರೂ ಬೀದಿಯಲ್ಲಿ ನಿಂತು ಮಾರೋನನ್ನು ನಂಬೋದು ಹೇಗೆ? ಅದು ಡಾಟ್‌ಕಾಮ್ ಗುಳ್ಳೆ ಒಡೀತಾ ಇದ್ದ ವರ್ಷ. ಕಂಪನಿಗಳು ಸಾಲುಸಾಲಾಗಿ ಬಾಗಿಲು ಹಾಕುತ್ತಿದ್ದಾಗ ಇದು ಉಳಿದುಕೊಂಡಿತು.

ಯಾಕೆ ಉಳೀತು ಅನ್ನೋದು ನನ್ನಂಥ ಸಾಫ್ಟ್‌ವೇರಿನವನಿಗೆ ಕುತೂಹಲದ ವಿಷಯ. ಕೋಡು ದೊಡ್ಡದೇನಲ್ಲ, ಅಂಥ ಸೈಟನ್ನು ನಾಲ್ಕು ಜನ ಸೇರಿ ಬರೀಬಹುದಿತ್ತು. ಬ್ಲಾಕ್ ಟಿಕೆಟ್ ಅಂದರೆ ನಮಗೆ ಗೊತ್ತಿರೋದೇ. ಹೊಸ ಪಿಚ್ಚರ್ ಬಿಟ್ಟ ದಿನ ಟಾಕೀಸಿನ ಮುಂದೆ ಬಾಯಿ ಅಲ್ಲಾಡಿಸದೆ ರೇಟು ಹೇಳೋರು. ತಗೊಂಡ ಟಿಕೆಟ್ ನಿಜವೋ ಸುಳ್ಳೋ ಗೇಟಿಗೆ ಹೋದ ಮೇಲೇ ಗೊತ್ತಾಗೋದು, ಅಷ್ಟರಲ್ಲಿ ಆಸಾಮಿ ಮಾಯ. ಸ್ಟಬ್‌ಹಬ್ ಮಾಡಿದ್ದು ಇಷ್ಟೇ: ದುಡ್ಡನ್ನು ಮಧ್ಯದಲ್ಲಿ ಹಿಡಿದುಕೊಂಡಿತು. ಟಿಕೆಟ್ ಸರಿ ಇಲ್ಲ ಅಂದರೆ ಬದಲಿ ಟಿಕೆಟ್, ಇಲ್ಲವೇ ಹಣ ವಾಪಸ್ ಅಂತ ಮಾತು ಕೊಟ್ಟಿತು. ಆ ಮಾತಿಗೆ ಕೊಂಡವರಿಂದ ನೂರಕ್ಕೆ ಹತ್ತು, ಮಾರಿದವರಿಂದ ನೂರಕ್ಕೆ ಹದಿನೈದು. ಬಹಳ ಕಾಲ ಹೆಚ್ಚೂಕಮ್ಮಿ ಇದೇ ಲೆಕ್ಕ ನಡೀತು.

ಇನ್ನು ಸರಕು. ಬೇಸ್‌ಬಾಲಿನಲ್ಲಿ ಒಂದೊಂದು ತಂಡ ಸೀಸನ್ನಿಗೆ ಊರಿನಲ್ಲೇ 81 ಆಟ ಆಡುತ್ತೆ. ಸೀಸನ್ ಟಿಕೆಟ್ ಕೊಂಡ ಮನುಷ್ಯ ಹೆಂಡತಿ ಮಕ್ಕಳು ಕೆಲಸ ಬಿಟ್ಟು ಅಷ್ಟೂ ಆಟಕ್ಕೆ ಹೋಗೋದು ಸಾಧ್ಯವಾ? ನಾನು ಆನ್‌ಸೈಟ್ ಅಂತ ಒಂದೂವರೆ ವರ್ಷ ಕ್ಯಾಲಿಫೋರ್ನಿಯಾದಲ್ಲಿದ್ದಾಗ ನಮ್ಮ ಟೀಮಿನ ಹಿರಿಯರೊಬ್ಬರು ಪ್ರತೀ ಸೋಮವಾರ ಕಾಫಿ ಹೊತ್ತಲ್ಲಿ ಆ ವಾರದ ತಮ್ಮೆರಡು ಸೀಟುಗಳನ್ನು ಫೋನಲ್ಲಿ ಮಾರಾಟಕ್ಕೆ ಹಾಕೋರು. ಮೋಸವಿಲ್ಲ, ಬ್ಲಾಕಿಲ್ಲ, ಹೋಗೋಕಾಗದ ಸೀಟು ಅಷ್ಟೇ. ಆಟದ ದಿನ ಹತ್ತಿರ ಬಂದ ಹಾಗೆ ರೇಟು ಇಳಿಸ್ತಾ ಹೋಗೋರು, ಸಂತೆಯಲ್ಲಿ ಹೊತ್ತು ಮುಳುಗೋ ಮುಂಚೆ ಹೂವಿನವಳು ಮೊಳಕ್ಕೆ ಇನ್ನೊಂದು ಮೊಳ ಸೇರಿಸಿ ಕೊಡೋ ಹಾಗೆ. ಆಂಡ್ರ್ಯೂ ಸ್ವೀಟಿಂಗ್ ಅನ್ನೋ ಅರ್ಥಶಾಸ್ತ್ರಜ್ಞ ಇದನ್ನೇ ಅಳೆದು 2012ರಲ್ಲಿ ಬರೆದಿದ್ದಾರೆ: ಮರುಮಾರಾಟದ ಬೇಸ್‌ಬಾಲ್ ಟಿಕೆಟ್ಟಿನ ಬೆಲೆಯನ್ನು ಆಟ ಹತ್ತಿರವಾದ ಹಾಗೆ ಮಾರೋರು ಶೇಕಡಾ 40ರಷ್ಟು, ಅದಕ್ಕಿಂತಲೂ ಹೆಚ್ಚು, ಇಳಿಸ್ತಾರೆ.

2007 ಈ ಕಂಪನಿಗೆ ದೊಡ್ಡ ವರ್ಷ. ಜನವರಿಯಲ್ಲಿ ಇಬೇ 310 ಮಿಲಿಯನ್ ಡಾಲರಿಗೆ ಕೊಂಡಿತು. ಅದೇ ವರ್ಷ ಮೇಜರ್ ಲೀಗ್ ಬೇಸ್‌ಬಾಲ್ ಜತೆ ಒಪ್ಪಂದವಾಯಿತು. ನ್ಯೂಯಾರ್ಕ್ ರಾಜ್ಯ ಮರುಮಾರಾಟದ ಬೆಲೆಗೆ ಹಾಕಿದ್ದ ಮಿತಿ ತೆಗೆದುಹಾಕಿತು. ಅದೇ ವರ್ಷ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಕೋರ್ಟಿಗೆ ಹೋಗಿ, ತನ್ನ ಟಿಕೆಟ್ ಮಾರಿದ, ಕೊಂಡ, ಅದಕ್ಕೆ ಪ್ರಯತ್ನಿಸಿದ ಸುಮಾರು 13,000 ಜನರ ಹೆಸರನ್ನು ಕಂಪನಿಯಿಂದ ಕಕ್ಕಿಸಿತು. ಒಂದು ಆಟದ ತಂಡಗಳು ಅಪ್ಪಿಕೊಂಡಿದ್ದನ್ನೇ ಇನ್ನೊಂದು ಆಟದ ತಂಡ ಕಳ್ಳಮಾಲು ಅಂತಿತ್ತು.

ಬೇಕರ್ ಆ ಹೊತ್ತಿಗೆ ಅಲ್ಲಿರಲಿಲ್ಲ. 2004ರಲ್ಲೇ ಹೊರಗೆ ಬಂದಿದ್ದ. 2006ರಲ್ಲಿ ಲಂಡನ್ನಿನಲ್ಲಿ ವಯಾಗೋಗೋ ಅಂತ ಅದೇ ಧಂದೆಯ ಇನ್ನೊಂದು ಕಂಪನಿ ತೆರೆದ. 2019ರ ನವೆಂಬರಿನಲ್ಲಿ ತಾನು ಹುಟ್ಟಿಸಿದ ಸ್ಟಬ್‌ಹಬ್ಬನ್ನೇ 4.05 ಬಿಲಿಯನ್ ಡಾಲರಿಗೆ ವಾಪಸ್ ಕೊಳ್ಳೋ ಮಾತಾಡಿದ. ವ್ಯವಹಾರ ಮುಗಿದಿದ್ದು 2020ರ ಫೆಬ್ರವರಿ 13ಕ್ಕೆ. ಒಂದು ತಿಂಗಳೊಳಗೆ ಕೊರೊನಾ ಬಂದು ಸ್ಟೇಡಿಯಂಗಳಿಗೆಲ್ಲ ಬೀಗ! ಹಣ ವಾಪಸ್ ಅನ್ನೋ ಮಾತಿನ ಮೇಲೇ ಬೆಳೆದ ಕಂಪನಿ ಆಗ ಹಣದ ಬದಲು ಶೇಕಡಾ 120ರ ಕೂಪನ್ ಕೊಡ್ತೀವಿ ಅಂದಿತು. ಜನ ಕೋರ್ಟಿಗೆ ಹೋದರು. ಹಲವು ರಾಜ್ಯಗಳ ಅಟಾರ್ನಿ ಜನರಲ್‌ಗಳು ನಡುವೆ ಬಂದು 2021ರಲ್ಲಿ ರಾಜಿಯಾಯಿತು. ಕಡೆಗೆ 2025ರ ಸೆಪ್ಟೆಂಬರಿನಲ್ಲಿ ಶೇರಿಗೆ 23.50 ಡಾಲರಿನಂತೆ ನ್ಯೂಯಾರ್ಕ್ ಪೇಟೆಗೆ ಬಂತು.

ಈ ಕಥೆಯಲ್ಲಿ ನನ್ನನ್ನು ಕಾಡೋದು ಬಿಲಿಯನ್ನುಗಳಲ್ಲ, ಒಂದು ಪರೀಕ್ಷೆ. 2014ರಲ್ಲಿ ಸ್ಟಬ್‌ಹಬ್ ಒಂದು ಮರ್ಯಾದೆಯ ಕೆಲಸ ಮಾಡಿತು. ಕಮಿಷನ್ ಎಲ್ಲ ಸೇರಿಸಿ ಪೂರ್ತಿ ಬೆಲೆಯನ್ನು ಮೊದಲ ಪುಟದಲ್ಲೇ ತೋರಿಸೋಕೆ ಶುರು ಮಾಡಿತು. ಬೇರೆ ಸೈಟುಗಳು ಮೊದಲು ಕಡಿಮೆ ತೋರಿಸಿ ಕೊನೆಗೆ ಸೇರಿಸುತ್ತಿದ್ದವು. 2015ರಲ್ಲಿ ಲಕ್ಷಾಂತರ ಗಿರಾಕಿಗಳನ್ನು ಎರಡು ಪಾಲು ಮಾಡಿ ನೋಡಿದರು. ಅರ್ಧ ಜನಕ್ಕೆ ಪೂರ್ತಿ ಬೆಲೆ ಮೊದಲೇ, ಇನ್ನರ್ಧಕ್ಕೆ ಕಮಿಷನ್ ಕೊನೇ ಪುಟದಲ್ಲಿ. ಕೊನೆಗೆ ನೋಡಿದವರು ಸುಮಾರು ಶೇಕಡಾ 21 ಹೆಚ್ಚು ಖರ್ಚು ಮಾಡಿದರು, ಕೊಳ್ಳೋ ಸಾಧ್ಯತೆಯೂ ಶೇಕಡಾ 14ರಷ್ಟು ಜಾಸ್ತಿ. ದುಬಾರಿ ಸೀಟನ್ನೇ ಆರಿಸಿಕೊಂಡರು ಕೂಡ. ಕಂಪನಿ ಹಳೇ ದಾರಿಗೆ ಮರಳಿತು.

ನಮ್ಮಪ್ಪ ಕೊಬ್ಬರಿ ಹಾಕಿ ಬಂದ ದಿನ ಮಂಡಿಯ ಚೀಟಿ ಓದೋದು ನನ್ನ ಕೆಲಸವಾಗಿತ್ತು. ನಾನು ಇಂಗ್ಲಿಷ್ ಮೀಡಿಯಂ ಗತ್ತಿನಲ್ಲಿ ಮೇಲಿಂದ ಓದ್ತಾ ಹೋದರೆ ಅಪ್ಪ ರೇಗೋದು: “ಮ್ಯಾಗಿಂದೆಲ್ಲ ಬಿಡ್ಲಾ, ಕೆಳಗೆ ಏನೈತೆ ಓದು.” ರೇಟು ಮೇಲಿರುತ್ತೆ. ಹಮಾಲಿ, ಚೀಲ, ದಲ್ಲಾಳಿ ಎಲ್ಲ ಕಳೆದು ಕೈಗೆ ಬಂದಿದ್ದು ಕೆಳಗಿರುತ್ತೆ. ಅಪ್ಪನಿಗೆ ಕೊನೇ ಸಾಲಷ್ಟೇ ಬೆಲೆ, ಮಿಕ್ಕಿದ್ದು ಮಾತು. ಅಂಥ ಅಪ್ಪನಿಗೇ ಮಂಡಿ ಬದಲಾಯಿಸೋಕೆ ಆಗುತ್ತಿರಲಿಲ್ಲ. ಮಾಲು ಗಾಡಿಯಿಂದ ಇಳಿಸಿ ಆದ ಮೇಲೆ ಕೊನೇ ಸಾಲು ಗೊತ್ತಾಗಿ ಏನು ಪ್ರಯೋಜನ? ಚೆಕೌಟ್ ಪುಟದಲ್ಲಿ ಆಗೋದೂ ಇದೇ. ಸೀಟು ಆರಿಸಿ, ಹೆಸರು ತುಂಬಿ, ಮಗಳಿಗೆ ಹೋಗೋಣ ಅಂತ ಹೇಳಿಯೂ ಆದ ಮೇಲೆ ಇನ್ನೂರು ರೂಪಾಯಿ ಜಾಸ್ತಿ ಅಂದರೆ ಯಾರು ವಾಪಸ್ ಹೋಗ್ತಾರೆ?

ಇದನ್ನು ಇಷ್ಟುದ್ದ ಬರೆಯೋಕೆ ಕಾರಣ, ನಾನು ಬೆಂಗಳೂರಿನಲ್ಲಿ ಮಾಡೋ ಕೆಲಸವೂ ಚೆಕೌಟ್ ಪುಟದ್ದೇ. ಎರಡು ವರ್ಷದ ಹಿಂದೆ ಆಗಿನ ಕಂಪನಿಯಲ್ಲಿ ಇದೇ ಚರ್ಚೆ ಬಂತು. ಶುಲ್ಕವನ್ನು ಮೊದಲೇ ತೋರಿಸೋಣ ಅಂತ ನಾನಂದೆ, ಕೋಡೂ ಬರೆದೆ. “ಟೆಸ್ಟ್ ಮಾಡಿ ನೋಡೋಣ” ಅಂದರು ಮ್ಯಾನೇಜರ್. ನ್ಯಾಯವಾದ ಮಾತೇ. ಫಲಿತಾಂಶ ಸ್ಟಬ್‌ಹಬ್ಬಿನದರ ತಮ್ಮನ ಹಾಗಿತ್ತು: ಮೊದಲೇ ತೋರಿಸಿದ ಕಡೆ ಮಾರಾಟ ಕಡಿಮೆ. ಟೀಮಿನ ಬೋನಸ್ಸು ನಿಂತಿದ್ದು ಆ ಅಂಕಿಯ ಮೇಲೇ. ಪಕ್ಕದಲ್ಲಿ ಕೂತಿದ್ದ ಹುಡುಗ ಆಗಷ್ಟೇ ಹಾಸನದಲ್ಲಿ ತಂಗಿ ಮದುವೆಗೆ ಸಾಲ ಮಾಡಿದ್ದ. “ಅಣ್ಣಾ, ನೀವು ಹೇಳೋದು ಸರಿ. ಆದ್ರೆ ಈ ವರ್ಷ ಬೇಡ” ಅಂದ. ಅವನಿಗೆ ಕೊಡೋಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಅಭಿಪ್ರಾಯವನ್ನು ಡಾಕ್ಯುಮೆಂಟಿನಲ್ಲಿ ಒಂದು ಪ್ಯಾರಾ ಬರೆದಿಟ್ಟೆ. ಶುಲ್ಕ ಕೊನೇ ಪುಟದಲ್ಲೇ ಉಳಿಯಿತು.

ಎಂಟು ತಿಂಗಳಾದ ಮೇಲೆ ಕಾನೂನು ವಿಭಾಗದಿಂದ ಒಂದು ಮೇಲ್ ಬಂತು. ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ‘ಡಾರ್ಕ್ ಪ್ಯಾಟರ್ನ್’ ತಡೆಯೋ ಮಾರ್ಗಸೂಚಿ ಹೊರಡಿಸಿದೆ, ಅದರ 13 ಬಗೆಗಳಲ್ಲಿ ಬೆಲೆಯನ್ನು ತೊಟ್ಟುತೊಟ್ಟಾಗಿ ತೋರಿಸೋದೂ ಒಂದು, ನಮ್ಮ ಪುಟ ಸರಿಮಾಡಿ ಅಂತ. ನಾನು ಬರೆದಿಟ್ಟಿದ್ದ ಹಳೇ ಕೋಡು ಮಧ್ಯಾಹ್ನ ಊಟಕ್ಕೆ ಮುಂಚೆ ತೆಗೆದು, ಸಂಜೆ ಟೀ ಹೊತ್ತಿಗೆ ಲೈವ್ ಆಗಿತ್ತು. ನನ್ನ ವಾದಕ್ಕೆ ಆಗದ್ದು ಒಂದು ಮೇಲಿಗೆ ಆಯಿತು. ಬೋನಸ್ಸಿನ ಗುರಿಯನ್ನೂ ಇಳಿಸಿದರು, ಯಾಕಂದರೆ ಈಗ ಕಾರಣ ಕೊಡೋಕೆ ಕಾನೂನಿತ್ತು. ಹುಡುಗನ ಸಾಲ ಹೇಗೋ ತೀರಿತು.

ಅಮೆರಿಕದಲ್ಲೂ ಆಗಿದ್ದು ಇದೇ. 2014ರಲ್ಲಿ ಒಂಟಿಯಾಗಿ ಪ್ರಾಮಾಣಿಕವಾಗೋಕೆ ಹೋಗಿ ಗಿರಾಕಿಗಳನ್ನು ಕಳೆದುಕೊಂಡ ಕಂಪನಿ, 2025ರ ಮೇ 12ರಿಂದ ಬೇರೆಯವರ ಜತೆಗೇ ಪೂರ್ತಿ ಬೆಲೆ ತೋರಿಸಬೇಕಾಯಿತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮ ಅದು. ಎಲ್ಲರಿಗೂ ಒಂದೇ ತಕ್ಕಡಿ ಅಂದ ಮೇಲೆ ಒಬ್ಬನಿಗೇ ನಷ್ಟ ಅನ್ನೋ ಮಾತಿಲ್ಲ.

ಇದರಿಂದ ಎಲ್ಲ ನೇರವಾಯಿತು ಅಂತಲ್ಲ. 2024ರ ಸೆಪ್ಟೆಂಬರಿನಲ್ಲಿ ಕೋಲ್ಡ್‌ಪ್ಲೇ ತಂಡದ ಮುಂಬೈ ಕಛೇರಿಗೆ 2,500ರಿಂದ 35,000 ರೂಪಾಯಿವರೆಗಿನ ಟಿಕೆಟ್ಟುಗಳು ಮರುಮಾರಾಟದ ಸೈಟುಗಳಲ್ಲಿ ಲಕ್ಷ ಲಕ್ಷಕ್ಕೆ ಏರಿದ್ದನ್ನು ನೀವೂ ಓದಿರ್ತೀರಿ. ಆ ಸೈಟುಗಳಲ್ಲಿ ವಯಾಗೋಗೋ ಕೂಡ ಇತ್ತು. ಪೂರ್ತಿ ಬೆಲೆ ಮೊದಲೇ ತೋರಿಸಿದರೂ ಲಕ್ಷ ಲಕ್ಷವೇ. ಹೋಗೋಕಾಗದವನ ಸೀಟು ಬೇರೆ, ಮಾರೋಕೆಂದೇ ಗುಡ್ಡೆ ಹಾಕಿದ ಸೀಟು ಬೇರೆ. ಇವೆರಡನ್ನೂ ಬೇರ್ಪಡಿಸೋ ಜರಡಿ ಇನ್ನೂ ಯಾರೂ ಸರಿಯಾಗಿ ಹೆಣೆದಿಲ್ಲ, ಹೆಣೆಯೋ ಕೆಲಸ ನಮ್ಮಂಥವರದ್ದೇ.

ಅಲ್ಲಿವರೆಗೆ ನಿಮಗೆ ನಾನು ಹೇಳೋದು ಇಷ್ಟೇ. ಟಿಕೆಟ್ ಕೊಳ್ಳುವಾಗ ಮನೆಯವರಿಗೆ ಹೋಗೋಣ ಅಂತ ಹೇಳೋ ಮುಂಚೆ ಕೊನೇ ಪುಟದವರೆಗೆ ಒಮ್ಮೆ ಹೋಗಿ, ಅಲ್ಲಿರೋ ಮೊತ್ತ ನೋಡಿ, ಬೇಡ ಅನಿಸಿದರೆ ಸುಮ್ಮನೆ ಮುಚ್ಚಿಬಿಡಿ. ಯಾವುದೋ ಕಂಪನಿಯ ಟೆಸ್ಟಿನಲ್ಲಿ ಅದೂ ಒಂದು ಅಂಕಿಯಾಗಿ ಬಂದು ಕೂರುತ್ತೆ.