ಲೈನ್ ಕ್ಲಿಯರ್

ನಮ್ಮ ಕಡೆ ‘ಹ್ಯಾಂಗ್’ ಎಂಬ ಮಾತಿಗೆ ಎರಡು ಅರ್ಥ. ‘ಹ್ಯಾಂಗ್ ಇದ್ದೀರಿ’ ಎಂದರೆ ಕ್ಷೇಮ ಕೇಳಿದ ಹಾಗೆ. ‘ಹ್ಯಾಂಗ್ ಆಗ್ಯಾದ’ ಎಂದರೆ ಕಂಪ್ಯೂಟರ್ ನಿಂತಲ್ಲೇ ನಿಂತಿದೆ ಎಂದು. ಕಳೆದ ಬೇಸಿಗೆಯ ಒಂದು ಅಮಾವಾಸ್ಯೆಯ ಸಂಜೆ ವಾಡಿಯ ನಮ್ಮ ಮನೆಯಲ್ಲಿ ಎರಡನೆಯದು ನಡೆಯಿತು. ಅದನ್ನು ಸರಿಪಡಿಸಲು ನಾಲ್ಕು ದಿನ ಹಿಡಿಯಿತು. ಮೊದಲನೆಯದನ್ನು ಕೇಳದೆ ಎರಡನೆಯದು ಬಗೆಹರಿಯುವುದಿಲ್ಲ ಎಂಬುದು ಆ ನಾಲ್ಕು ದಿನಗಳಲ್ಲಿ ನನಗೆ ತಿಳಿಯಿತು.

ಅಪ್ಪ ರೈಲ್ವೆಯಲ್ಲಿದ್ದ. ವಾಡಿ ಜಂಕ್ಷನ್ನಿನ ಕ್ಯಾಬಿನ್ನಿನಲ್ಲಿ ಲಿವರ್ ಎಳೆದು ಹಳಿ ಬದಲಿಸುವ ಕೆಲಸ. ಮುಂಬೈ ಕಡೆಯಿಂದ ಬಂದ ಹಳಿಯೂ ಮದ್ರಾಸಿನ ಕಡೆಯಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. 1874ರಲ್ಲಿ ನಿಜಾಮರ ಹಳಿ ವಾಡಿಯಿಂದ ಕವಲೊಡೆದು ಚಿತ್ತಾಪುರ, ಸೇಡಂ ದಾಟಿ ಸಿಕಂದರಾಬಾದಿಗೆ ಹೋಯಿತು. ಗಾಡಿ ಬರುವುದು, ನಿಲ್ಲುವುದು, ಬಿಡುವುದು ಇಷ್ಟರ ಸುತ್ತಲೇ ನಮ್ಮ ಓಣಿಯ ಹಗಲು ರಾತ್ರಿ ಸುತ್ತುತ್ತಿದ್ದವು. ಡ್ಯೂಟಿ ಇಲ್ಲದ ದಿನ ಅಮಾವಾಸ್ಯೆ ಬಂತೆಂದರೆ ಅಪ್ಪ ಭಜನೆಗೆ ಹೊರಡುತ್ತಿದ್ದ. ಚಿತ್ತಾಪುರ, ಸೇಡಂ ಸುತ್ತಿನ ಹಳ್ಳಿಗಳಿಗೆ ರೈಲಿನಲ್ಲಿ, ಹಳಿ ಇಲ್ಲದ ಚಿಂಚೋಳಿಯ ಕಡೆಗೆ ಬಸ್ಸಿನಲ್ಲಿ. ಹೆಗಲಿಗೆ ಟೇಪ್ ರೆಕಾರ್ಡರ್, ಚೀಲದಲ್ಲಿ ತೊಂಬತ್ತು ನಿಮಿಷದ ಕ್ಯಾಸೆಟ್ಟುಗಳು. ಮಠದ ಪಡಸಾಲೆಯಲ್ಲೋ ಹಣಮಂದೇವರ ಗುಡಿಯ ಕಟ್ಟೆಯಲ್ಲೋ ಏಕತಾರಿ, ದಮ್ಮಡಿ, ತಾಳ, ಪೇಟಿ ಕೂಡಿಕೊಂಡು ರಾತ್ರಿ ಊಟದ ಮೇಲೆ ಕೂತರೆ ಏಳುವುದು ಬೆಳಗಿನ ಜಾವಕ್ಕೆ. ಕಡಕೋಳ ಮಡಿವಾಳಪ್ಪನವರ ತತ್ವಪದ ಮುಗಿದರೆ ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬರ ಪದ. ಗುರು ಯಾವ ಜಾತಿ, ಶಿಷ್ಯ ಯಾವ ಧರ್ಮ ಎಂದು ಆ ಕಟ್ಟೆಯ ಮೇಲೆ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಅಪ್ಪನೂ ಹಾಡುತ್ತಿದ್ದ. ಕೆಲವು ಕ್ಯಾಸೆಟ್ಟುಗಳಲ್ಲಿ ಮುಂದಿನ ದನಿ ಅವನದೇ.

ಕ್ಯಾಸೆಟ್ಟಿನ ಪಟ್ಟಿಗೆ ಬೂಸ್ಟು ಹಿಡಿಯತೊಡಗಿದಾಗ ನಾನು ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿದೆ. ಕ್ಯಾಸೆಟ್ಟು ಎಷ್ಟು ಹೊತ್ತು ಓಡುತ್ತದೆಯೋ ಇಳಿಸುವುದಕ್ಕೂ ಅಷ್ಟೇ ಹೊತ್ತು ಬೇಕು. ಅವಸರ ಮಾಡಿದರೆ ಆಗದ ಕೆಲಸ. ಶಾಲೆ ಮುಗಿಸಿ ಚಿತ್ತಾಪುರದಿಂದ ಬಂದು ದಿನಕ್ಕೆ ಒಂದೊಂದು ಬದಿ ಇಳಿಸಿದೆ. ಆಗ ಡಿಸ್ಕಿನ ಜಾಗ ತುಟ್ಟಿ. ಸಿಡಿಯ ಗುಣಮಟ್ಟದಲ್ಲಿ ಇಟ್ಟರೆ ಒಂದು ನಿಮಿಷಕ್ಕೆ ಹತ್ತು ಎಂಬಿಗೂ ಹೆಚ್ಚು ಬೇಕು. ಹಾಗಾಗಿ ಎಂಪಿ3 ಮಾಡಿ, ಊರಿನ ಹೆಸರಿಗೊಂದು ಫೋಲ್ಡರ್ ಮಾಡಿ, ಹೊರಗಿನಿಂದ ಜೋಡಿಸುವ ಒಂದು ಹಾರ್ಡ್ ಡಿಸ್ಕಿನಲ್ಲಿ ಇಟ್ಟೆ. ಒಂದೇ ಒಂದು ಡಿಸ್ಕಿನಲ್ಲಿ.

ಅಪ್ಪ ಹೋದ ಮೇಲೆ ಅಮಾವಾಸ್ಯೆಗೊಮ್ಮೆ ಅವ್ವ ಬಂದು ಕಂಪ್ಯೂಟರಿನ ಪಕ್ಕ, ಶಹಾಬಾದ್ ಕಲ್ಲಿನ ತಂಪು ನೆಲದ ಮೇಲೆ ಕೂಡುತ್ತಾಳೆ. ಆವತ್ತೂ ಕೂತಳು. “ಯವ್ವಾ, ನಿಮ್ಮಪ್ಪಂದು ಚಿಂಚೋಳಿ ಕಡಿ ಪದಾ ಹಚ್ಚು” ಅಂದಳು. ನಾನು ಹಚ್ಚಿದೆ. ಏಕತಾರಿಯ ಶ್ರುತಿ ಕೇಳಿತು, ತಾಳ ಬಿತ್ತು, ಅಪ್ಪನ ದನಿ ಎದ್ದಿತು, ಅರ್ಧ ಸಾಲಿಗೇ ನಿಂತಿತು. ಹಾಡು ನುಡಿಸುವ ಆ್ಯಪ್ ಕಲ್ಲಾಗಿತ್ತು. ಮೂಲೆಯ ಗುಣಿಸು ಚಿಹ್ನೆ ಒತ್ತಿದೆ, ಮುಚ್ಚಲಿಲ್ಲ. ಕಿಟಕಿ ಬೆಳ್ಳಗೆ ಮಂಕಾಯಿತು, ನೆತ್ತಿಯ ಮೇಲೆ ‘ಪ್ರತಿಕ್ರಿಯಿಸುತ್ತಿಲ್ಲ’ ಎಂಬ ಬರಹ ಬಂತು.

ಈ ಬೆಳ್ಳಗಾಗುವುದರ ಹಿಂದೆ ಒಂದು ಕ್ರಮವಿದೆ. ನಾವು ಒತ್ತುವ ಪ್ರತಿ ಗುಂಡಿಯೂ ಒಂದು ಸಂದೇಶವಾಗಿ ಆ್ಯಪ್‌ನ ಬಾಗಿಲಲ್ಲಿ ಸಾಲು ನಿಲ್ಲುತ್ತದೆ. ಆ್ಯಪ್ ಒಂದೊಂದನ್ನೇ ಒಳಗೆ ಕರೆದು ಕೆಲಸ ಮಾಡಿಕೊಡುತ್ತದೆ. ಐದು ಸೆಕೆಂಡ್ ಹೊತ್ತು ಯಾರನ್ನೂ ಒಳಗೆ ಕರೆಯದಿದ್ದರೆ ವಿಂಡೋಸ್ ಆ ಕಿಟಕಿಯನ್ನು ಮರೆಮಾಡಿ ಅದೇ ಅಳತೆಯ ಇನ್ನೊಂದನ್ನು ಮುಂದೆ ನಿಲ್ಲಿಸುತ್ತದೆ. ಆಮೇಲೆ ನಾವು ನೋಡುತ್ತಿರುವುದು ಆ್ಯಪ್‌ನ ನೆರಳು. ನೆರಳಿನ ಮೇಲೆ ಎಷ್ಟು ಒತ್ತಿದರೂ ಒಳಗಿರುವವರಿಗೆ ಕೇಳಿಸದು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ‘ಎಂಡ್ ಟಾಸ್ಕ್’ ಕೊಟ್ಟೆ. ಕಿಟಕಿ ಹೋಯಿತು. ಆದರೆ ವಿವರದ ಪಟ್ಟಿಯಲ್ಲಿ ಹೆಸರು ಹಾಗೇ ಉಳಿದಿತ್ತು. ಮತ್ತೆ ತೆರೆಯಲು ಹೋದರೆ ಏನೂ ಆಗಲಿಲ್ಲ, ಹಳೆಯದು ಇನ್ನೂ ಒಳಗಿತ್ತಲ್ಲ. ಆಜ್ಞೆಯ ಕಿಟಕಿ ತೆರೆದು ಒತ್ತಾಯದಿಂದ ಮುಗಿಸು ಎಂದು ಬರೆದೆ. ಆಗಲೂ ಹೋಗಲಿಲ್ಲ. ಅಣ್ಣನ ಮಗ ಡಿಪ್ಲೊಮಾ ಓದುವ ಹುಡುಗ, ರಜೆಗೆ ಬಂದಿದ್ದ. “ಅತ್ತಿ, ಪವರ್ ಬಟನ್ ಒತ್ತಿ ಹಿಡೀರಿ, ತಾನೇ ಬಂದ್ ಆಗ್ತದ” ಅಂದ. ಹಿಡಿದೆ. ಬಂದಾಯಿತು. ಮತ್ತೆ ಹಚ್ಚಿದಾಗ ಆ್ಯಪ್ ಹಿಂದಿನ ಸಲ ಬಿಟ್ಟ ಹಾಡನ್ನೇ ಹುಡುಕಿಕೊಂಡು ಹೋಗಿ, ಅದೇ ಅರ್ಧ ಸಾಲಿಗೆ ಅದೇ ರೀತಿ ನಿಂತಿತು.

ಮರುದಿನ ಬಿಸಿಲಿನ ಮೇಲೆ ಅನುಮಾನ ಬಂತು. ನಮ್ಮ ಬೇಸಿಗೆ ನಲವತ್ತು ಡಿಗ್ರಿಗೆ ಹೆದರುವುದಲ್ಲ, ಮಧ್ಯಾಹ್ನ ಗೋಡೆ ಮುಟ್ಟಿದರೂ ಸುಡುತ್ತದೆ. ಅದರ ಮೇಲೆ ಧೂಳು. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು, ಶಹಾಬಾದಿನ ಕಲ್ಲಿನ ಖಣಿ ಮತ್ತು ಪಾಲಿಶ್ ಮಷಿನ್ನುಗಳು, ಎಲ್ಲ ಕಡೆಯೂ ಸುಣ್ಣದ ಕಲ್ಲಿನದೇ ಹಿಟ್ಟು. ಕ್ಯಾಬಿನೆಟ್ಟಿನ ಮುಚ್ಚಳ ತೆಗೆದರೆ ಫ್ಯಾನಿನ ರೆಕ್ಕೆಗಳ ಮೇಲೆ ಬೂದು ಪದರ ಕಟ್ಟಿತ್ತು. ಶಾಖ ಹೊರಹೋಗದಿದ್ದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಬ್ರಷ್ಷು, ಬ್ಲೋವರ್ ಹಿಡಿದು ಸ್ವಚ್ಛ ಮಾಡಿದೆ. ಯಂತ್ರ ತಣ್ಣಗಾಯಿತು, ಸದ್ದು ಕಡಿಮೆಯಾಯಿತು. ಹಾಡು ಮಾತ್ರ ಅಲ್ಲಿಯೇ ನಿಂತಿತು. ಮೂರನೆಯ ದಿನ ಆ್ಯಪ್ ಕಿತ್ತುಹಾಕಿ ಹೊಸದಾಗಿ ಹಾಕಿದೆ. ಹಾಡಿನ ಪಟ್ಟಿ ಇಟ್ಟುಕೊಳ್ಳುವ ಅದರ ಕಡತವನ್ನೂ ಅಳಿಸಿದೆ. ಈಗ ಆ್ಯಪ್ ಚೆನ್ನಾಗಿ ತೆರೆಯಿತು, ಸೇಡಂ, ಚಿತ್ತಾಪುರದ ಫೋಲ್ಡರುಗಳ ಪದಗಳನ್ನೆಲ್ಲ ಹಾಡಿತು. ಚಿಂಚೋಳಿಯ ಆ ಪದಕ್ಕೆ ಬಂದೊಡನೆ ಮತ್ತೆ ಕಲ್ಲು.

ಅವತ್ತು ರಾತ್ರಿ ಮಾಳಿಗೆಯ ಮೇಲೆ ಮಲಗಿದ್ದಾಗ ದೂರದಲ್ಲಿ ಒಂದು ಗೂಡ್ಸ್ ಗಾಡಿ ಸ್ಟೇಷನ್ನಿನಲ್ಲಿ ನಿಂತದ್ದು ಕೇಳಿತು. ಬಹಳ ಹೊತ್ತು ಕದಲಲಿಲ್ಲ. ಸಣ್ಣವಳಿದ್ದಾಗ ನಾನು ಅಪ್ಪನನ್ನು ಕೇಳುತ್ತಿದ್ದೆ, ಗಾಡಿ ಕೆಟ್ಟಿದೆಯೇನು ಅಂತ. ಅವನು ಪ್ರತಿ ಸಲವೂ ಅದೇ ಹೇಳುತ್ತಿದ್ದ: “ಗಾಡಿ ನಿಂತಾದ ಅಂದ್ರ ಕೆಟ್ಟಾದ ಅಂತ ತಿಳಿಬ್ಯಾಡ. ಮುಂದಿನವ್ರು ಇನ್ನಾ ಲೈನ್ ಕ್ಲಿಯರ್ ಕೊಟ್ಟಿಲ್ಲ, ಅಷ್ಟೇ.” ಮುಂದಿನ ಸ್ಟೇಷನ್ನಿನವರು ಹಳಿ ಖಾಲಿ ಇದೆ ಎಂದು ಹೇಳುವ ತನಕ ಹಿಂದಿನ ಸ್ಟೇಷನ್ನಿನವರು ಗಾಡಿ ಬಿಡುವಂತಿಲ್ಲ. ಡ್ರೈವರನ್ನು ಬೈದು ಉಪಯೋಗವಿಲ್ಲ, ಎಂಜಿನ್ ಬಿಚ್ಚಿದರೂ ಉಪಯೋಗವಿಲ್ಲ. ಉತ್ತರ ಕೊಡಬೇಕಾದವರು ಎಲ್ಲಿದ್ದಾರೆ ಎಂದು ಹುಡುಕಬೇಕು.

ಮೂರು ದಿನ ನಾನು ಎಂಜಿನ್ನನ್ನೇ ಬಿಚ್ಚುತ್ತಿದ್ದೆ.

ಬೆಳಿಗ್ಗೆ ಎದ್ದು ರಿಸೋರ್ಸ್ ಮಾನಿಟರ್ ತೆರೆದಿಟ್ಟು, ಆ ಪದ ಹಚ್ಚಿ, ಸುಮ್ಮನೆ ನೋಡುತ್ತ ಕೂತೆ. ಹಾಡು ನಿಂತ ಗಳಿಗೆಗೆ ಪ್ರೊಸೆಸರ್ ಹೆಚ್ಚುಕಡಿಮೆ ಖಾಲಿ ಇತ್ತು. ಡಿಸ್ಕ್ ಮಾತ್ರ ನೂರಕ್ಕೆ ನೂರು ದುಡಿಯುತ್ತಿತ್ತು, ಅದು ಕೊಡುತ್ತಿದ್ದ ಮಾಹಿತಿ ಸೊನ್ನೆ. ಕಿವಿ ಹತ್ತಿರ ಒಯ್ದರೆ ಡಿಸ್ಕಿನೊಳಗೆ ಟಕ್ ಟಕ್ ಎನ್ನುತ್ತಿತ್ತು. ವಿಂಡೋಸ್ ಬರೆದಿಡುವ ದಿನಚರಿಯಲ್ಲಿ, ಈ ಡಿಸ್ಕಿನಲ್ಲಿ ಕೆಟ್ಟ ತುಣುಕಿದೆ ಎಂಬ ಸಾಲು ಮೂರು ದಿನಗಳಿಂದ ಬಿದ್ದೇ ಇತ್ತು. ನಾನು ನೋಡಿರಲಿಲ್ಲ.

ಆಗ ಎಲ್ಲ ಕೂಡಿಬಂತು. ಹಾಡಿನ ಮುಂದಿನ ತುಣುಕು ಕೊಡು ಎಂದು ಆ್ಯಪ್ ಡಿಸ್ಕನ್ನು ಕೇಳಿದೆ. ಆ ತುಣುಕಿನ ಕಾಂತಪದರ ಕೆಟ್ಟಿದೆ. ಡಿಸ್ಕ್ ‘ಇಲ್ಲ’ ಎನ್ನುತ್ತಿಲ್ಲ. ಮತ್ತೆ ಮತ್ತೆ ಓದಲು ಯತ್ನಿಸುತ್ತಲೇ ಇದೆ. ಆ್ಯಪ್ ಆ ಉತ್ತರಕ್ಕೆ ಕಾದು ನಿಂತಿದೆ. ಒತ್ತಾಯದಿಂದ ಮುಗಿಸು ಎಂದರೂ ಅದೇಕೆ ಹೋಗಲಿಲ್ಲ ಎಂಬುದಕ್ಕೂ ಇದೇ ಕಾರಣ. ಡಿಸ್ಕಿಗೆ ಕೊಟ್ಟ ಬೇಡಿಕೆ ಬಾಕಿ ಇರುವಾಗ, ಬರಬೇಕಾದ ಮಾಹಿತಿಗೆಂದು ಮೆಮೊರಿಯಲ್ಲಿ ಜಾಗ ಕಾದಿರಿಸಿರುತ್ತದೆ. ಆ್ಯಪ್ ಅಳಿಸಿ ಆ ಜಾಗ ಬೇರೆಯವರಿಗೆ ಕೊಟ್ಟರೆ, ತಡವಾಗಿ ಬಂದ ಉತ್ತರ ಇನ್ನೊಬ್ಬರ ಮನೆಗೆ ನುಗ್ಗುತ್ತದೆ. ಅದಕ್ಕೇ ವ್ಯವಸ್ಥೆ ಬಾಕಿ ತೀರುವ ತನಕ ಅದನ್ನು ಬಿಡುವುದಿಲ್ಲ. ಲಿನಕ್ಸಿನಲ್ಲೂ ಹೀಗೇ: 9ನೆಯ ಸಂಕೇತವನ್ನು ಯಾವ ಪ್ರೋಗ್ರಾಮೂ ಧಿಕ್ಕರಿಸುವಂತಿಲ್ಲ, ಆದರೆ ಡಿಸ್ಕಿಗಾಗಿ ಕಾದು ನಿಂತದ್ದಕ್ಕೆ ಆ ಸಂಕೇತವೂ ಮುಟ್ಟುವುದಿಲ್ಲ. ನಾನು ಹಟ ಎಂದುಕೊಂಡದ್ದು ಹಟವಾಗಿರಲಿಲ್ಲ. ಕೇಳಿದ್ದರ ಉತ್ತರ ಬಾರದೆ ಅದು ಹೋಗುವ ಹಾಗಿರಲಿಲ್ಲ.

ಹುಡುಗನನ್ನು ಕರೆದು ತೋರಿಸಿದೆ. ಡಿಸ್ಕಿನ ವೈರು ಮೆಲ್ಲಗೆ ಎಳೆದೆ. ಇನ್ನು ಡಿಸ್ಕೇ ಇಲ್ಲ ಎಂಬ ಉತ್ತರ ಸಿಕ್ಕಿತು. ಉತ್ತರ ಸಿಕ್ಕ ಕ್ಷಣಕ್ಕೆ ಆ್ಯಪ್, ಯಾರೂ ಒತ್ತಾಯ ಮಾಡದೆ, ಈ ಸಲ ಹಾಡು ನಿಂತೊಡನೆ ನಾನು ಕೊಟ್ಟಿದ್ದ ಮುಚ್ಚುವ ಆಜ್ಞೆಯನ್ನು ಎತ್ತಿಕೊಂಡು ತಾನೇ ಮುಚ್ಚಿಕೊಂಡಿತು. “ಪಾಪ, ಕಾಯ್ಲಾಕತ್ತಿತ್ತು” ಅಂದ ಹುಡುಗ.

ಇನ್ನು ಆ ಡಿಸ್ಕಿಗೆ ಹೆಚ್ಚು ದಣಿವು ಕೊಡುವ ಹಾಗಿರಲಿಲ್ಲ. ಪೆನ್ ಡ್ರೈವಿನಿಂದ ಲಿನಕ್ಸ್ ಹಚ್ಚಿ ‘ಡಿಡಿರೆಸ್ಕ್ಯೂ’ ಎಂಬ ಸಲಕರಣೆ ಓಡಿಸಿದೆವು. ಅದರ ನಡೆ ನನಗೆ ಬಹಳ ಹಿಡಿಸಿತು. ಅದು ಕೆಟ್ಟ ಜಾಗದ ಮುಂದೆ ಜಿದ್ದಿಗೆ ಬಿದ್ದು ಕೂಡುವುದಿಲ್ಲ. ಮೊದಲು ಚೆನ್ನಾಗಿರುವುದನ್ನೆಲ್ಲ ಹೊಸ ಡಿಸ್ಕಿಗೆ ಸಾಗಿಸುತ್ತದೆ, ಓದಲಾಗದ್ದನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟು ಮುಂದೆ ಹೋಗುತ್ತದೆ. ಆಮೇಲೆ ತಿರುಗಿ ಬಂದು ಸಣ್ಣ ಸಣ್ಣ ತುತ್ತಾಗಿ ಬಿಡಿಸುತ್ತದೆ. ನಡುವೆ ಕರೆಂಟ್ ಹೋದರೂ ಪಟ್ಟಿ ನೋಡಿ ಬಿಟ್ಟಲ್ಲಿಂದ ಹಿಡಿಯುತ್ತದೆ. ಎರಡು ಸಲ ಕರೆಂಟ್ ಹೋಯಿತು, ಎರಡು ಸಲವೂ ಹಿಡಿಯಿತು. ರಾತ್ರಿಯೆಲ್ಲ ಓಡಿ ಬೆಳಗಾಗುವ ಹೊತ್ತಿಗೆ, ಇಡೀ ಡಿಸ್ಕಿನಲ್ಲಿ ಬಾರದೆ ಉಳಿದದ್ದು ನಾಲ್ಕು ಸಾವಿರದ ತೊಂಬತ್ತಾರು ಬೈಟಿನ ಹನ್ನೊಂದು ತುಣುಕು. ಎಲ್ಲವೂ ಆ ಒಂದೇ ಪದದಲ್ಲಿ. ನಾನು ಇಳಿಸಿದ ಗುಣಮಟ್ಟದಲ್ಲಿ ಅಂಥ ಒಂದು ತುಣುಕು ಎಂದರೆ ಕಾಲು ಸೆಕೆಂಡ್ ಹಾಡು. ಹನ್ನೊಂದಕ್ಕೆ ಹತ್ತಿರ ಹತ್ತಿರ ಮೂರು ಸೆಕೆಂಡ್.

ಅವ್ವನನ್ನು ಕೂಡಿಸಿ ಹಚ್ಚಿದೆ. ಏಕತಾರಿ, ತಾಳ, ಅಪ್ಪನ ದನಿ, ಅರ್ಧ ಸಾಲು. ಆಮೇಲೆ ಮೂರು ಸೆಕೆಂಡ್ ಏನೂ ಇಲ್ಲ. ನನ್ನ ಉಸಿರು ಹಿಡಿದಿತ್ತು. ಅಷ್ಟರಲ್ಲಿ ಹಿಮ್ಮೇಳ ಎದ್ದಿತು. ಭಜನೆಯ ಕ್ರಮವೇ ಹಾಗಲ್ಲವೇ: ಮುಂದಿನವರು ಒಂದು ಸಾಲು ಅಂದರೆ ಹಿಂದಿನವರು ಅದೇ ಸಾಲನ್ನು ತಿರುಗಿ ಅನ್ನಬೇಕು. ಅಪ್ಪನ ಬಾಯಿಂದ ಹೋದ ಸಾಲು ಹತ್ತು ಹನ್ನೆರಡು ಮಂದಿಯ ಬಾಯಲ್ಲಿ ಇಡಿಯಾಗಿ, ಒಂದಕ್ಷರ ಬಿಡದೆ ಬಂತು. ಅವ್ವ ತಲೆದೂಗಿದಳು. ಅವಳಿಗೆ ಏನೂ ಕಳೆದಂತೆ ಅನ್ನಿಸಲಿಲ್ಲ.

ತಿಳಿದವರು ಹೇಳುತ್ತಾರೆ: ಉಳಿಯಬೇಕಾದ್ದನ್ನು ಮೂರು ಪ್ರತಿ ಮಾಡು, ಎರಡು ಬಗೆಯ ಸಾಧನದಲ್ಲಿ ಇಡು, ಒಂದು ಪ್ರತಿ ಬೇರೆ ಊರಲ್ಲಿರಲಿ. ನಮ್ಮ ಹಳ್ಳಿಯವರು ಇದನ್ನು ಕಂಪ್ಯೂಟರ್ ಕಾಣುವ ಮೊದಲೇ ಮಾಡಿಕೊಂಡು ಬಂದಿದ್ದರು. ಒಂದು ಪದ ಹತ್ತು ಬಾಯಲ್ಲಿ, ನಾಲ್ಕು ತಾಲೂಕುಗಳಲ್ಲಿ ಇರುತ್ತಿತ್ತು. ತತ್ವಪದಗಳ ಸಂಪುಟಗಳು ಈಗ ಅಚ್ಚಾಗಿವೆ. ಅದು ದೊಡ್ಡ ಕೆಲಸ. ಆದರೆ ಆ ಹಾಳೆಯಲ್ಲಿ ಪದ ಸಿಗುತ್ತದೆ, ಧಾಟಿ ಸಿಗುವುದಿಲ್ಲ. ಧಾಟಿ ಹಾಡುವವರಿಂದ ಕೇಳುವವರಿಗೆ ಹೋಗಬೇಕು. ನಾನು ಅದನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಕಾಪಾಡಿದೆ ಅಂದುಕೊಂಡಿದ್ದೆ. ಗುಂಪಿನಲ್ಲಿ ಬದುಕಿದ ಹಾಡನ್ನು ಒಂಟಿ ಮಾಡಿದ್ದೆ.

ಮುಂದಿನ ಅಮಾವಾಸ್ಯೆಗೆ ನಾನೂ ಹುಡುಗನೂ ಚಿಂಚೋಳಿಯ ಬಸ್ಸು ಹಿಡಿದೆವು. ಪದ ಹುಟ್ಟಿದ ಗುಡಿಯ ಕಟ್ಟೆಗೆ ಹೋಗಿ ಪೆನ್ ಡ್ರೈವ್ ಕೊಟ್ಟು, ನಡುವೆ ಮೂರು ಸೆಕೆಂಡ್ ಖಾಲಿ ಇದೆ ಎಂದು ಹೇಳಿದೆ. ಅಲ್ಲಿದ್ದ ಹಿರಿಯರೊಬ್ಬರು ಅದನ್ನು ಜೇಬಿಗೆ ಹಾಕಿಕೊಂಡು, “ಕುಂದ್ರವ್ವಾ” ಅಂದು ಏಕತಾರಿ ಕೈಗೆತ್ತಿಕೊಂಡರು. ಅವರು ಸಾಲು ಅಂದರು. ಹಿಮ್ಮೇಳದವರ ಜೊತೆ ನಾನೂ ತಿರುಗಿ ಅಂದೆ. ನನ್ನ ಬಗಲಲ್ಲಿ ಕೂತ ಹುಡುಗ ಎರಡನೆಯ ಸಲಕ್ಕೆ ದನಿಗೂಡಿಸಿದ.