ಎಂಟು ಹೆಂಗಸರು, ಮುಚ್ಚಿದ ಒಂದು ಬಾಗಿಲು

ಹೊರಗೆ ಹಿಮ ಸುರಿದು ದಾರಿಯೇ ಕಾಣದಂತಾಗಿದೆ. ಮನೆಯೊಳಗೆ ಕ್ರಿಸ್‌ಮಸ್ ಸಡಗರ. ಇಂಗ್ಲೆಂಡಿನಲ್ಲಿ ಓದುವ ಹಿರಿಮಗಳು ಆಗಷ್ಟೇ ರಜೆಗೆ ಬಂದಿದ್ದಾಳೆ. ಅಷ್ಟರಲ್ಲಿ ತಿಂಡಿ ಕೊಡಲು ಮಹಡಿಗೆ ಹೋದ ಕೆಲಸದಾಕೆ ಕಿರುಚುತ್ತಾಳೆ. ಮನೆಯ ಯಜಮಾನ ಮಾರ್ಸೆಲ್ ಹಾಸಿಗೆಯಲ್ಲಿ ಬೋರಲು ಬಿದ್ದಿದ್ದಾನೆ, ಬೆನ್ನಿನಲ್ಲಿ ಚೂರಿ!

ಟೆಲಿಫೋನ್ ತಂತಿ ಕತ್ತರಿಸಿದೆ, ಕಾರು ಕೆಟ್ಟಿದೆ, ರಾತ್ರಿ ನಾಯಿಗಳು ಬೊಗಳಿಲ್ಲ. ಅಂದಮೇಲೆ ಕೊಂದವರು ಹೊರಗಿನವರಲ್ಲ. ಹೆಂಡತಿ, ಅತ್ತೆ, ಹೆಂಡತಿಯ ತಂಗಿ, ಸ್ವಂತ ತಂಗಿ, ಇಬ್ಬರು ಹೆಣ್ಣುಮಕ್ಕಳು, ಅಡುಗೆಯಾಕೆ, ಕೆಲಸದಾಕೆ. ಈ ಎಂಟು ಮಂದಿಯಲ್ಲಿ ಯಾರು?

ಫ್ರಾನ್ಸಿನ ರೊಬೇರ್ ತೊಮಾ ಬರೆದ ನಾಟಕವನ್ನು ಫ್ರಾನ್ಸ್ವಾ ಓಜೋನ್ 2002ರಲ್ಲಿ ‘ಎಂಟು ಹೆಂಗಸರು’ ಎಂಬ ಚಿತ್ರವಾಗಿಸಿದರು. ಕತೆ ನಡೆಯುವುದು 1950ರ ದಶಕದಲ್ಲಿ. ನಾಟಕದ ವಾಸನೆಯನ್ನು ಅವರು ಮುಚ್ಚಿಡಲು ಹೋಗಲಿಲ್ಲ. ಒಂದೇ ಮನೆ, ಒಂದೇ ದೊಡ್ಡ ಹಜಾರ, ಒಂದು ಮೆಟ್ಟಿಲು. ಸೇರಿಸಿದ್ದು ಹಾಡುಗಳನ್ನು, ಒಬ್ಬೊಬ್ಬರಿಗೆ ಒಂದೊಂದು. ಎಲ್ಲವೂ ಫ್ರೆಂಚರಿಗೆ ಮೊದಲೇ ಗೊತ್ತಿದ್ದ ಹಳೆಯ ಹಾಡುಗಳು, ಹಾಡಿದವರು ನಟಿಯರೇ.

ಸಿನಿಮಾದಲ್ಲಿ ಹಾಡು ನಮಗೇನು ಹೊಸದಲ್ಲ. ಆದರೆ ಇಲ್ಲಿ ಮಾತಿನಲ್ಲಿ ಎಲ್ಲರೂ ಸುಳ್ಳು ಹೇಳುತ್ತಾರೆ, ಹಾಡುವಾಗ ಮಾತ್ರ ನಿಜ ಹೊರಬೀಳುತ್ತದೆ. ಬಾಯಿ ಬಿಟ್ಟರೆ ಚುಚ್ಚುವ ಚಿಕ್ಕಮ್ಮ ಪಿಯಾನೋ ಮುಂದೆ ಒಂಟಿಯಾಗಿ ಕೂತು ಹಾಡತೊಡಗಿದಾಗ, ಅಷ್ಟು ಹೊತ್ತು ನಕ್ಕವರ ನಗು ಅಲ್ಲೇ ನಿಲ್ಲುತ್ತದೆ. ಇಸಾಬೆಲ್ ಹ್ಯೂಪೇರ್ ಅವರ ಈ ಪಾತ್ರಕ್ಕೇ ಚಿತ್ರ ನೋಡಬಹುದು. ಗಾಲಿಕುರ್ಚಿಯ ಅಜ್ಜಿಯೂ ಕಡಿಮೆಯಲ್ಲ. ತನ್ನ ಷೇರುಪತ್ರಗಳ ಮಾತು ಬಂದರೆ ಎದ್ದು ನಡೆದೇಬಿಡುತ್ತಾಳೆ! ಅಳಿಯ ವ್ಯಾಪಾರದಲ್ಲಿ ಮುಳುಗುತ್ತಿದ್ದಾಗ ಆ ಪತ್ರಗಳನ್ನು ಕೊಡದೆ ಬಚ್ಚಿಟ್ಟವಳೂ ಅವಳೇ.

ಎಲ್ಲರೂ ಅಪ್ಪನ ಬಗ್ಗೆ ಮಾತಾಡುತ್ತಾರೆ. ಅವನ ದುಡ್ಡು ಎಲ್ಲರಿಗೂ ಬೇಕಿತ್ತು. ಆದರೆ ಚಿತ್ರ ಅವನ ಮುಖವನ್ನು ಒಮ್ಮೆಯೂ ತೋರಿಸುವುದಿಲ್ಲ. ಕಾಣುವುದು ಬೆನ್ನು ಮಾತ್ರ. ಆ ಮನುಷ್ಯನಿಗೆ ಏನು ಕಷ್ಟವೆಂದು ಮನೆಯಲ್ಲಿ ಯಾರೂ ಕೇಳಿದಂತಿಲ್ಲ. ಅದನ್ನು ಗಮನಿಸಿದವಳು ಕಿರಿಮಗಳೊಬ್ಬಳೇ. ರಾತ್ರಿಯೆಲ್ಲ ದೀಪ ಹಚ್ಚಿಟ್ಟು ಪತ್ತೇದಾರಿ ಕಾದಂಬರಿ ಓದುತ್ತಾಳೆಂದು ಬೈಸಿಕೊಳ್ಳುವವಳು, ‘ನಿನಗಿದೆಲ್ಲ ತಿಳಿಯದು’ ಎಂದು ದೊಡ್ಡವರು ಪಕ್ಕಕ್ಕೆ ಸರಿಸುವವಳು.

ಕೊಂದವರು ಯಾರೆಂದು ಹೇಳಿ ನೋಡುವವರ ಸುಖ ಕಸಿಯಬಾರದು. ಕೆಲವು ಸಂಗತಿಗಳು ದೊಡ್ಡವರಿಗಷ್ಟೇ ತಕ್ಕವಾದ್ದರಿಂದ ತಂದೆತಾಯಿಯರು ಮೊದಲು ತಾವು ನೋಡುವುದು ವಾಸಿ. ಕೊನೆಯ ಹಾಡು ಅಜ್ಜಿಯದು. ಹಾಡಿದ ಡಾನಿಯೆಲ್ ದಾರಿಯೂ ಅವರಿಗೆ ಚಿತ್ರ ತೆರೆಕಂಡಾಗ ಎಂಬತ್ತನಾಲ್ಕು. ಹಾಡು ಮುಗಿಯುವಾಗ ಎಂಟೂ ಮಂದಿ ಕೈಕೈ ಹಿಡಿದು, ನಾಟಕ ಮುಗಿದವರಂತೆ, ನೋಡುವವರತ್ತ ತಿರುಗಿ ನಿಲ್ಲುತ್ತಾರೆ. ಯಾರ ಮುಖದಲ್ಲೂ ನಗುವಿಲ್ಲ.