ಬಲ್ಬಿಗೆ ಸಾಕಾದ ವೈರು ಕಾಯಿಲ್‌ಗೆ ಸಾಕೇ?

ಮಕ್ಕಳೇ, ನಿಮ್ಮ ಮನೆಯ ಇಸ್ತ್ರಿಪೆಟ್ಟಿಗೆ, ಮಿಕ್ಸಿ ಅಥವಾ ನೀರು ಕಾಯಿಸುವ ಕಾಯಿಲ್‌ನ ಮೇಲೆ ಬರೆದಿರುವ ಸಣ್ಣ ಅಕ್ಷರಗಳನ್ನು ಎಂದಾದರೂ ಓದಿದ್ದೀರಾ? ಅಲ್ಲಿ ‘230 ವೋಲ್ಟ್, 1000 ವಾಟ್’ ಎಂಬಂತೆ ಎರಡು ಸಂಖ್ಯೆಗಳಿರುತ್ತವೆ. ಈ ಎರಡು ಸಂಖ್ಯೆ ಗೊತ್ತಿದ್ದರೆ ಸಾಕು, ನಿಮಗೆ ಬರುವ ಗುಣಾಕಾರ, ಭಾಗಾಕಾರಗಳಿಂದಲೇ ಆ ಉಪಕರಣದ ಗುಟ್ಟನ್ನು ತಿಳಿಯಬಹುದು. ಲೆಕ್ಕ ಸಣ್ಣದು. ಆದರೆ ಅದು ದೊಡ್ಡ ಅಪಾಯವನ್ನು ತಪ್ಪಿಸಬಲ್ಲದು.

ಮೊದಲು ನಾಲ್ಕು ಪದಗಳ ಪರಿಚಯ ಮಾಡಿಕೊಳ್ಳೋಣ. ಊರಿನ ಟ್ಯಾಂಕಿನಿಂದ ನಲ್ಲಿಗೆ ನೀರು ಬರುವುದನ್ನು ನೆನಪಿಸಿಕೊಳ್ಳಿ. ಟ್ಯಾಂಕು ಎತ್ತರದಲ್ಲಿದ್ದಷ್ಟೂ ನೀರಿನ ಒತ್ತಡ ಹೆಚ್ಚು. ವಿದ್ಯುತ್ತನ್ನು ಹೀಗೆ ತಳ್ಳುವುದು ವಿಭವಾಂತರ. ಅದರ ಅಳತೆ ವೋಲ್ಟ್. ಹರಿಯುವ ವಿದ್ಯುತ್ತಿನ ಪ್ರಮಾಣವೇ ಪ್ರವಾಹ; ಅದರ ಅಳತೆ ಆಂಪೇರ್. ಕಿರಿದಾದ ಕೊಳವೆ ನೀರನ್ನು ತಡೆಯುವಂತೆ, ಪ್ರವಾಹವನ್ನು ತಡೆಯುವ ಗುಣವೇ ರೋಧ. ಅದರ ಅಳತೆ ಓಮ್. ಪ್ರತಿ ಸೆಕೆಂಡಿಗೆ ಬಳಕೆಯಾಗುವ ಶಕ್ತಿಯೇ ಸಾಮರ್ಥ್ಯ. ಅದರ ಅಳತೆ ವಾಟ್.

ಓಮ್ ಎಂಬುದು ಒಬ್ಬ ಮೇಷ್ಟರ ಹೆಸರು! ಜಾರ್ಜ್ ಸೈಮನ್ ಓಮ್ ಅವರು ಜರ್ಮನಿಯ ಕಲೋನ್ ನಗರದ ಶಾಲೆಯಲ್ಲಿ ಪಾಠ ಹೇಳುತ್ತಲೇ ತಂತಿಗಳ ಮೇಲೆ ಪ್ರಯೋಗ ನಡೆಸಿದರು. 1827ರಲ್ಲಿ ತಮ್ಮ ನಿಯಮವನ್ನು ಪುಸ್ತಕವಾಗಿ ಪ್ರಕಟಿಸಿದರು. ನಮಗೆ ಬೇಕಾದ ಸೂತ್ರಗಳು ಎರಡೇ:

ರೋಧ = ವಿಭವಾಂತರ ÷ ಪ್ರವಾಹ
ಸಾಮರ್ಥ್ಯ = ವಿಭವಾಂತರ × ಪ್ರವಾಹ

ಈಗ ಲೆಕ್ಕ ಮಾಡೋಣ. 1000 ವಾಟ್‌ನ ಕಾಯಿಲ್‌ನಲ್ಲಿ ಹರಿಯುವ ಪ್ರವಾಹ 1000 ÷ 230, ಅಂದರೆ ಸುಮಾರು 4.3 ಆಂಪೇರ್. ಅದರ ರೋಧ 230 ÷ 4.3, ಸುಮಾರು 53 ಓಮ್. ಒಳಗೆ ಸಣ್ಣ ತಂತಿ ಇರುವ ಹಳೆಯ ಬಗೆಯ 60 ವಾಟ್ ಬಲ್ಬಿನಲ್ಲಿ ಪ್ರವಾಹ 60 ÷ 230, ಸುಮಾರು 0.26 ಆಂಪೇರ್. ಅದು ಉರಿಯುವಾಗಿನ ರೋಧ ಸುಮಾರು 880 ಓಮ್. ನೋಡಿದಿರಾ? ಹೆಚ್ಚು ವಾಟ್‌ನ ಕಾಯಿಲ್‌ಗೆ ರೋಧ ಕಡಿಮೆ! ತಡೆ ಕಡಿಮೆ ಇರುವುದರಿಂದಲೇ ಅದು ಬಲ್ಬಿಗಿಂತ ಸುಮಾರು 16 ಪಟ್ಟು ಹೆಚ್ಚು ಪ್ರವಾಹವನ್ನು ಎಳೆದುಕೊಳ್ಳುತ್ತದೆ.

ಈ 16 ಪಟ್ಟಿನ ಮಹತ್ವ ಏನೆಂದು ನನಗೆ ಚೆನ್ನಾಗಿ ಮನದಟ್ಟಾದದ್ದು ನಮ್ಮ ಸೋದರತ್ತೆಯ ಮನೆಯಲ್ಲಿ. ಒಂದು ಚಳಿಗಾಲದ ಬೆಳಿಗ್ಗೆ ಅವರ ಬಚ್ಚಲುಮನೆಯಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಹೋಗಿ ನೋಡಿದರೆ, ಹಿಂದೆ ಬಲ್ಬಿಗೆಂದು ಎಳೆದಿದ್ದ ತೆಳು ವೈರಿಗೆ ಹೊಸ ಕಾಯಿಲ್ ಸಿಕ್ಕಿಸಿದ್ದರು. ವೈರಿನ ಮಧ್ಯೆ ಎರಡು ತುದಿಗಳನ್ನು ಹೊಸೆದು ಟೇಪು ಸುತ್ತಿದ್ದರಲ್ಲ, ಆ ಜಾಗ ಕಪ್ಪಾಗಿ ಕರಗುತ್ತಿತ್ತು. ಮೂರನೇ ತರಗತಿಯ ಮೊಮ್ಮಗಳು ಸ್ನಾನಕ್ಕೆಂದು ಟವೆಲು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ನಾನು ಓಡಿಹೋಗಿ ಮೇನ್ ಸ್ವಿಚ್ ಆರಿಸಿದೆ.

“ಎರಡು ವರ್ಷ ಇದೇ ವೈರಿನಲ್ಲಿ ಬಲ್ಬು ಉರಿದಿದೆ ಕಣಪ್ಪ, ಒಂದಿನಾನೂ ಏನೂ ಆಗಿಲ್ಲ” ಎಂದರು ಅತ್ತೆ. ಅವರ ಮಾತು ನಿಜ. ಹಾಗಾದರೆ ಅಂದು ಆಗಿದ್ದೇನು?

ಅಲ್ಲೇ ಹಳೆ ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದು ತೋರಿಸಿದೆ. ಸಡಿಲ ಜೋಡಣೆಯ ರೋಧ 1 ಓಮ್ ಎಂದಿಟ್ಟುಕೊಳ್ಳಿ. ದಾರಿ ಒಂದೇ ಆದ್ದರಿಂದ ಬಲ್ಬಿನಲ್ಲಿ ಹರಿಯುವಷ್ಟೇ ಪ್ರವಾಹ ಜೋಡಣೆಯಲ್ಲೂ ಹರಿಯುತ್ತದೆ. ಬಲ್ಬು ಉರಿಯುವಾಗ ಜೋಡಣೆಯ ವಿಭವಾಂತರ 0.26 × 1 = 0.26 ವೋಲ್ಟ್. ಅಲ್ಲಿ ಹುಟ್ಟುವ ಶಾಖ 0.26 × 0.26, ಸುಮಾರು 0.07 ವಾಟ್. ಕೈಗೂ ತಿಳಿಯದಷ್ಟು! ಕಾಯಿಲ್ ಹಾಕಿದಾಗ ವಿಭವಾಂತರ 4.3 ವೋಲ್ಟ್, ಪ್ರವಾಹ 4.3 ಆಂಪೇರ್, ಶಾಖ ಸುಮಾರು 18 ವಾಟ್. ಹುಣಸೆಬೀಜದಷ್ಟು ಜಾಗದಲ್ಲಿ 18 ವಾಟ್! ರೇಡಿಯೋ ರಿಪೇರಿಯವರು ಸೀಸ ಕರಗಿಸಲು ಬಳಸುವ ಸಣ್ಣ ಕಬ್ಬಿಣವೇ 25 ವಾಟ್‌ನದು. ಪ್ರವಾಹ 16 ಪಟ್ಟಾದರೆ ಶಾಖ 16 × 16, ಅಂದರೆ 256 ಪಟ್ಟಾಗುತ್ತದೆ. ಟೇಪು ಕರಗದೆ ಇನ್ನೇನು?

“ಮತ್ತೆ ಫ್ಯೂಸು ಯಾಕೆ ಹೋಗಲಿಲ್ಲ?” ಅತ್ತೆ ಒಳ್ಳೆಯ ಪ್ರಶ್ನೆಯನ್ನೇ ಕೇಳಿದ್ದರು. ಫ್ಯೂಸು ನೋಡುವುದು ಪ್ರವಾಹವನ್ನು ಮಾತ್ರ. ತನ್ನ ಮಿತಿಯನ್ನು ಮೀರದ 4.3 ಆಂಪೇರ್ ಅದಕ್ಕೆ ಮಾಮೂಲು. ಎಲ್ಲೋ ಒಂದು ಜೋಡಣೆ ಕಾದು ಕೆಂಪಾಗುತ್ತಿದ್ದರೂ ಅದಕ್ಕೆ ತಿಳಿಯುವುದಿಲ್ಲ. ಅದನ್ನು ನಾವೇ ನೋಡಿಕೊಳ್ಳಬೇಕು. ಅಂದೇ ಎಲೆಕ್ಟ್ರಿಷಿಯನ್ ಬಂದು ನಡುವೆ ಜೋಡಣೆಯಿಲ್ಲದ ದಪ್ಪ ವೈರು ಎಳೆದು, ಅರ್ತಿಂಗ್ ಇರುವ ಮೂರು ರಂಧ್ರಗಳ ಸಾಕೆಟ್ ಹಾಕಿಕೊಟ್ಟರು.

ಈಗ ನಿಮ್ಮ ಸರದಿ. ಮನೆಯ ಉಪಕರಣಗಳ ಮೇಲಿನ ವೋಲ್ಟ್ ಮತ್ತು ವಾಟ್‌ಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಓದುವುದಷ್ಟೇ ನಿಮ್ಮ ಕೆಲಸ. ಪ್ಲಗ್ಗು, ವೈರು ಮುಟ್ಟಬೇಡಿ. ಕಾಯಿಲ್ ಇರುವ ಬಕೆಟ್ಟಿನ ನೀರನ್ನು ಸ್ವಿಚ್ ಆರಿಸಿ ಪ್ಲಗ್ಗು ತೆಗೆಯುವ ತನಕ ಯಾರೂ ಮುಟ್ಟಬಾರದು. ಪ್ರತಿಯೊಂದು ಉಪಕರಣದ ಪ್ರವಾಹ ಕಂಡುಹಿಡಿಯಿರಿ. ಸಾಕೆಟ್ಟಿನ ಮೇಲೆ 6 ಅಥವಾ 16 ಆಂಪೇರ್ ಎಂದು ಬರೆದಿರುತ್ತದೆ. ಅದರೊಡನೆ ಹೋಲಿಸಿ ನೋಡಿ. 1500 ವಾಟ್‌ನ ಕಾಯಿಲ್ ಅನ್ನು 6 ಆಂಪೇರ್ ಸಾಕೆಟ್ಟಿಗೆ ಹಾಕಬಹುದೇ? ಲೆಕ್ಕ ಮಾಡಿ, ಉತ್ತರವನ್ನು ಮೊದಲು ಮನೆಯವರಿಗೆ ಹೇಳಿ, ಆಮೇಲೆ ನಿಮ್ಮ ಶಿಕ್ಷಕರಿಗೆ ತೋರಿಸಿ.